ಮೆಕ್ಸಿಕೊದ ಕಡಲೂರಿಗೆ ಬ್ಯಾಕ್‌ಪ್ಯಾಕ್ ಹೊತ್ತು: ಹೆದರಬೇಕಾದ್ದು ಯಾವುದಕ್ಕೆ?

ಪ್ರಶ್ನೆ: ನಾನು ದಾವಣಗೆರೆಯವಳು. ನಾಲ್ಕು ವರ್ಷದಿಂದ ಡಲ್ಲಾಸ್‌ನಲ್ಲಿ ಕೆಲಸ. ಜುಲೈನಲ್ಲಿ ಗೆಳತಿಯ ಜೊತೆ ಒಂಬತ್ತು ದಿನ ಮೆಕ್ಸಿಕೊದ ಪುಯೆರ್ತೊ ಎಸ್ಕೊಂದಿದೊಗೆ ಹೋಗುವ ಆಸೆ. ಹಾಸ್ಟೆಲ್‌ನಲ್ಲಿ ಉಳಿದು, ಬಸ್ಸಿನಲ್ಲೇ ಓಡಾಡೋಣ ಎಂದುಕೊಂಡಿದ್ದೇವೆ. ಅಮ್ಮ ಮಾತ್ರ ದಿನಾ ಫೋನ್ ಮಾಡಿ, ‘ಅಲ್ಲಿ ಹಾಡಹಗಲೇ ಜನರನ್ನ ಎತ್ತಾಕ್ಕೊಂಡು ಹೋಗ್ತಾರಂತೆ, ಬೇಡ’ ಅನ್ನುತ್ತಾರೆ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ, ಮೀನು ತಿನ್ನುವುದಿಲ್ಲ. ಈಜು ಅಷ್ಟಕ್ಕಷ್ಟೆ. ಗೋಕರ್ಣದಲ್ಲಿ ಎದೆಮಟ್ಟದ ನೀರಿನವರೆಗೆ ಹೋಗಿದ್ದೇನೆ. ನನ್ನ ಎಚ್-1ಬಿ ವೀಸಾ ಸ್ಟಾಂಪ್ ಮಾರ್ಚ್‌ನಲ್ಲಿ ಮುಗಿದಿದೆ, ಐ-797 ಇನ್ನೂ ಎರಡು ವರ್ಷ ಇದೆ. ಗೆಳತಿಗೆ ಗ್ರೀನ್ ಕಾರ್ಡ್ ಇದೆ. ಧೈರ್ಯ ಮಾಡಬಹುದೇ? ಇನ್ನೊಂದು ಚಿಕ್ಕ ಪ್ರಶ್ನೆ: ಶೇಂಗಾ ಚಟ್ನಿಪುಡಿ ಒಯ್ಯಬಹುದೇ?

ಉತ್ತರ: ಅಮ್ಮನ ಆತಂಕ ಅಪಹರಣದ್ದು. ನಿಮ್ಮದು ಊಟ ಮತ್ತು ವೀಸಾದ್ದು. ಇವೆಲ್ಲಕ್ಕೂ ಉತ್ತರವಿದೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ನಡುವೆ ಹೇಳಿ ಮುಂದೆ ಹೋದ ಸಾಲು: ಈಜು ಅಷ್ಟಕ್ಕಷ್ಟೆ, ಗೋಕರ್ಣದಲ್ಲಿ ಎದೆಮಟ್ಟ. ಆ ಊರಲ್ಲಿ, ಆ ತಿಂಗಳಲ್ಲಿ, ನಿಜವಾದ ಅಪಾಯ ಇರುವುದು ಅಲ್ಲೇ. ಅದಕ್ಕೇ ಈ ಉತ್ತರದಲ್ಲಿ ಸಮುದ್ರಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ವೀಸಾ ಮುಗಿಸಿಬಿಡೋಣ. ಅದು ಸರಿಯಾಗದಿದ್ದರೆ ನೀವು ವಿಮಾನವನ್ನೇ ಹತ್ತುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮೆಕ್ಸಿಕೊ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಅಥವಾ ಕಾಯಂ ವಾಸದ ಕಾರ್ಡ್ ಇದ್ದರೆ ಅದೊಂದೇ ಸಾಕು. ಹಾಗಾಗಿ ಗೆಳತಿಗೆ ತೊಂದರೆ ಇಲ್ಲ. ನಿಮಗೆ ಇದೆ. ಐ-797 ಅಮೆರಿಕದಲ್ಲಿ ಉಳಿಯುವ ಅನುಮತಿಯ ಕಾಗದವೇ ಹೊರತು ವೀಸಾ ಅಲ್ಲ. ಅದನ್ನು ತೋರಿಸಿ ಮೆಕ್ಸಿಕೊಗೆ ಹೋಗಬಹುದು ಎಂದು ವಾಟ್ಸಾಪ್ ಗುಂಪುಗಳಲ್ಲಿ ಹೇಳುತ್ತಾರೆ. ಚೆಕ್-ಇನ್ ಕೌಂಟರ್‌ನಲ್ಲೇ ತಡೆಯುತ್ತಾರೆ. ನೀವು ಟೆಕ್ಸಸ್‌ನಲ್ಲಿರುವ ಮೆಕ್ಸಿಕೊ ಕಾನ್ಸುಲೇಟ್‌ನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಐ-797 ಕೊಟ್ಟು ಪ್ರವಾಸಿ ವೀಸಾ ಮಾಡಿಸಿಕೊಳ್ಳಬೇಕು. ಅಪಾಯಿಂಟ್‌ಮೆಂಟ್ ಸಿಗುವುದೇ ತಡವಾಗಬಹುದು. ವೀಸಾ ಕೈಗೆ ಬರುವವರೆಗೆ ಹಣ ವಾಪಸು ಬಾರದ ಟಿಕೆಟ್ ತೆಗೆಯಬೇಡಿ.

ವಾಪಸು ಬರುವಾಗ ಇನ್ನೊಂದು ನಿಯಮ ನಿಮ್ಮ ಪರವಾಗಿದೆ. ಮೆಕ್ಸಿಕೊ ಅಥವಾ ಕೆನಡಾಕ್ಕೆ ಮಾತ್ರ ಹೋಗಿ 30 ದಿನದೊಳಗೆ ಮರಳಿದರೆ, ಸ್ಟಾಂಪ್ ಮುಗಿದಿದ್ದರೂ ಚಾಲ್ತಿ ಐ-94 (ಅಮೆರಿಕ ಪ್ರವೇಶದ ದಾಖಲೆ) ಮೇಲೆ ಅಮೆರಿಕದೊಳಗೆ ಬಿಡುತ್ತಾರೆ. ಇದನ್ನು ‘ಆಟೊಮ್ಯಾಟಿಕ್ ರೀವ್ಯಾಲಿಡೇಷನ್’ ಅನ್ನುತ್ತಾರೆ. ‘ಹೇಗೂ ಮೆಕ್ಸಿಕೊಗೆ ಹೋಗ್ತೀನಿ, ಅಲ್ಲೇ ಸ್ಟಾಂಪಿಂಗ್ ಮಾಡಿಸಿಬಿಡೋಣ’ ಎಂದು ಅಲ್ಲಿ ಹೊಸ ಅಮೆರಿಕ ವೀಸಾಗೆ ಅರ್ಜಿ ಹಾಕಿದರೆ ಮಾತ್ರ ಈ ಅನುಕೂಲ ತಪ್ಪಿಹೋಗುತ್ತದೆ. ಐ-94 ಮುದ್ರಿಸಿಕೊಳ್ಳಿ, ಐ-797ರ ಮೂಲ ಪ್ರತಿ ಜೊತೆಗಿರಲಿ, ಅಮೆರಿಕ ಸರ್ಕಾರದ ವೆಬ್‌ಸೈಟಿನಲ್ಲಿ ಈ ನಿಯಮ ಇರುವ ಪುಟದ ಪ್ರತಿಯೂ ಇರಲಿ. ವಿಮಾನ ಸಂಸ್ಥೆಯ ಸಿಬ್ಬಂದಿಗೆ ಈ ನಿಯಮ ಗೊತ್ತಿಲ್ಲದೆ ವಾಪಸು ಬರುವಾಗ ಜಗಳವಾಗುವುದುಂಟು. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಈಗ ಅಮ್ಮನ ಮಾತು. ಅವರು ನೋಡಿದ ಸುದ್ದಿ ಸುಳ್ಳಲ್ಲ. ಆದರೆ ಮೆಕ್ಸಿಕೊ ಭಾರತದ ಅರ್ಧಕ್ಕಿಂತ ದೊಡ್ಡ ದೇಶ. ರಾಜಧಾನಿ ಸೇರಿ 32 ರಾಜ್ಯಗಳಿವೆ. ಒಂದು ರಾಜ್ಯದ ಸುದ್ದಿ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಪುಯೆರ್ತೊ ಎಸ್ಕೊಂದಿದೊ ಇರುವುದು ದಕ್ಷಿಣದ ವಹಾಕಾ ರಾಜ್ಯದಲ್ಲಿ, ಪೆಸಿಫಿಕ್ ದಂಡೆಯಲ್ಲಿ. ಇಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ ಆಗುವುದು ಕಳ್ಳತನ: ಮರಳಿನ ಮೇಲೆ ಬಿಟ್ಟುಹೋದ ಫೋನು, ಬೀಗ ಹಾಕದ ಲಾಕರ್, ರಾತ್ರಿ ಕತ್ತಲಲ್ಲಿ ದಡದುದ್ದಕ್ಕೂ ನಡೆದುಹೋಗುವಾಗ ಕಿತ್ತುಕೊಂಡ ಚೀಲ. ಹಿಂಸೆ ಇಲ್ಲವೇ ಇಲ್ಲ ಎಂದು ಹೇಳಲಾರೆ. ಆದರೆ ಮೂರು ವಿಷಯ ನಿಮ್ಮ ಕೈಯಲ್ಲೇ ಇವೆ. ಸೂರ್ಯ ಮುಳುಗಿದ ಮೇಲೆ ಮರಳಿನಲ್ಲಿ ನಡೆಯಬೇಡಿ, ಮೇಲಿನ ರಸ್ತೆಯಲ್ಲಿ ಟ್ಯಾಕ್ಸಿ ಹಿಡಿಯಿರಿ. ದುಡ್ಡು ಉಳಿಯುತ್ತದೆಂದು ಅಕಾಪುಲ್ಕೊ ಕಡೆಯಿಂದ, ಗೆರೆರೊ ರಾಜ್ಯದ ಕರಾವಳಿ ರಸ್ತೆಯಲ್ಲಿ ಬರಬೇಡಿ. ದಡದಲ್ಲಿ ಯಾರಾದರೂ ಗಾಂಜಾ, ಪುಡಿ ಎಂದು ಪಿಸುಗುಟ್ಟಿದರೆ ‘ನೊ, ಗ್ರಾಸಿಯಾಸ್’ ಎಂದು ನಡೆಯುತ್ತಲೇ ಇರಿ. ಅಮ್ಮ ಹೆದರುವ ಜಾಲದ ಬಾಲ ಇರುವುದು ಅಲ್ಲೇ. ಅಷ್ಟೇ ಅಲ್ಲ, ಅಂಥ ಒಂದು ಪ್ರಕರಣ ನಿಮ್ಮ ಎಚ್-1ಬಿಯನ್ನೂ ನುಂಗೀತು.

ಇನ್ನು ಸಮುದ್ರ. ಗೋಕರ್ಣದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಕಡಲತಳ ದಡದಿಂದ ಬಹುದೂರದವರೆಗೆ ನಿಧಾನವಾಗಿ ಇಳಿಯುತ್ತದೆ. ಹೊರಗಿನಿಂದ ಬರುವ ಅಲೆ ಆ ತಳಕ್ಕೆ ಉಜ್ಜಿ ಉಜ್ಜಿ ಸಾಕಷ್ಟು ಶಕ್ತಿ ಕಳೆದುಕೊಂಡೇ ದಡ ಮುಟ್ಟುತ್ತದೆ. ವಹಾಕಾ ದಂಡೆಯಲ್ಲಿ ಹಾಗಿಲ್ಲ. ಆಳದ ಕಂದಕ ದಡಕ್ಕೆ ಹತ್ತಿರ, ತಳ ಕಡಿದಾಗಿ ಇಳಿಯುತ್ತದೆ. ಜುಲೈ ಎಂದರೆ ದಕ್ಷಿಣಾರ್ಧ ಗೋಳದಲ್ಲಿ ಚಳಿಗಾಲ. ಅಲ್ಲಿನ ಬಿರುಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಸಾಗಿ ಬಂದು, ಶಕ್ತಿ ಕುಂದದೆ, ಸಿಕಾತೆಲಾ ಎಂಬ ಮುಖ್ಯ ದಡದ ಮರಳಿಗೆ ನೇರವಾಗಿ ಬಡಿಯುತ್ತದೆ. ಜಗತ್ತಿನ ನುರಿತ ಸರ್ಫರ್‌ಗಳು ಆ ದಡಕ್ಕೆ ‘ಮೆಕ್ಸಿಕನ್ ಪೈಪ್‌ಲೈನ್’ ಎಂದು ಹೆಸರಿಟ್ಟು ಹುಡುಕಿಕೊಂಡು ಬರುವುದು ಇದಕ್ಕೇ. ಅವರಲ್ಲೂ ಬೋರ್ಡು ಮುರಿದುಕೊಂಡವರು, ಮೂಳೆ ಮುರಿದುಕೊಂಡವರು ಇದ್ದಾರೆ.

ಇಲ್ಲಿ ಮೋಸ ಹೋಗುವುದು ಹೇಗೆ? ಗಾಳಿ ಇಲ್ಲ, ಆಕಾಶ ತಿಳಿಯಾಗಿದೆ, ನೀರು ಸೊಂಟದ ಮಟ್ಟಕ್ಕೆ ಸುಮ್ಮನೆ ತುಯ್ಯುತ್ತಿದೆ. ನೀವು ಹತ್ತು ನಿಮಿಷ ನಿಂತು ನೋಡುತ್ತೀರಿ, ಏನೂ ಇಲ್ಲ ಅನ್ನಿಸುತ್ತದೆ, ಇಳಿಯುತ್ತೀರಿ. ದೂರದಿಂದ ಬರುವ ಅಲೆಗಳು ಒಂದೊಂದಾಗಿ ಬರುವುದಿಲ್ಲ, ಐದಾರರ ಗುಂಪಾಗಿ ಬರುತ್ತವೆ. ಗುಂಪು ಗುಂಪಿನ ನಡುವೆ ಹಲವು ನಿಮಿಷದ ಬಿಡುವು ಇರುತ್ತದೆ. ನೀವು ನೋಡಿದ ಶಾಂತ ನೀರು ಆ ಬಿಡುವಿನದು. ಮುಂದಿನ ಗುಂಪು ಬಂದಾಗ ಮೊದಲ ಅಲೆ ಬೀಳಿಸುತ್ತದೆ, ಅದರ ಹಿಂದಿರುಗುವ ನೀರು ಕಾಲಡಿಯ ಮರಳನ್ನೇ ಎಳೆಯುತ್ತದೆ, ಎದ್ದು ನಿಲ್ಲುವಷ್ಟರಲ್ಲಿ ಎರಡನೆಯದು ತಲೆಯ ಮೇಲೆ ಒಡೆಯುತ್ತದೆ. ಸಿಕಾತೆಲಾದಲ್ಲಿ ಮೊಣಕಾಲಿನ ನೀರೂ ಸುರಕ್ಷಿತವಲ್ಲ ಅನ್ನುವುದು ಇದಕ್ಕೇ. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ.

ಇನ್ನೊಂದು ಅಪಾಯ ರಿಪ್ ಕರೆಂಟ್, ಅಂದರೆ ದಡದಿಂದ ಕಡಲಿಗೆ ಎಳೆದೊಯ್ಯುವ ಸೆಳೆತ. ದಡಕ್ಕೆ ಬಡಿದ ನೀರೆಲ್ಲ ವಾಪಸು ಹೋಗಲೇಬೇಕಲ್ಲ, ಅದು ಮರಳಿನ ದಿಬ್ಬಗಳ ನಡುವೆ ಒಂದು ಕಾಲುವೆ ಕೊರೆದುಕೊಂಡು ಕಡಲಿನತ್ತ ಹರಿಯುತ್ತದೆ. ಆ ಕಾಲುವೆಯಲ್ಲಿ ನೀರು ಆಳವಾದ್ದರಿಂದ ಅಲೆ ಒಡೆಯುವುದಿಲ್ಲ. ಎರಡು ಕಡೆ ನೊರೆ, ನಡುವೆ ಕಡುಬಣ್ಣದ ನಯವಾದ ದಾರಿ. ಈಜು ಬಾರದವರ ಕಣ್ಣಿಗೆ ಅದೇ ಶಾಂತವಾದ ಜಾಗ, ಅಲ್ಲಿಗೇ ಹೋಗುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಬೇಡಿ. ಒಳ್ಳೆಯ ಈಜುಗಾರರೂ ಅದರ ಎದುರು ಸೋಲುತ್ತಾರೆ. ಜನ ಸಾಯುವುದು ಸೆಳೆತ ನೀರಿನಡಿಗೆ ಎಳೆಯುವುದರಿಂದಲ್ಲ, ಎದುರೀಜಿ ಸುಸ್ತಾಗುವುದರಿಂದ. ಅಂಗಾತ ತೇಲಿ, ಒಂದು ಕೈ ಮೇಲೆತ್ತಿ ಬೀಸಿ, ‘ಆಯುದಾ!’ (ಸಹಾಯ ಮಾಡಿ) ಎಂದು ಕೂಗಿ. ಉಸಿರು ಹಿಡಿತಕ್ಕೆ ಬಂದ ಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ನೊರೆ ಇರುವ ಕಡೆ ತಲುಪಿದರೆ ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಗೆಳತಿ ಸಿಕ್ಕಿಕೊಂಡರೆ ನೀವು ಹಾರಬೇಡಿ. ಸಾಲ್ವಾವಿದಾಸ್ ಎಂದು ಕರೆಯುವ ರಕ್ಷಕರು ಅಲ್ಲಿದ್ದಾರೆ, ಅವರನ್ನು ಕೂಗಿ. ಕೈಗೆ ಸಿಕ್ಕ ಬೋರ್ಡು, ಖಾಲಿ ಕ್ಯಾನು, ಏನಾದರೂ ತೇಲುವುದನ್ನು ಎಸೆಯಿರಿ. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವ ಮಾತೇ ಇಲ್ಲ.

ಹಾಗಾದರೆ ನಿಮ್ಮಂಥವರಿಗೆ ನೀರೇ ಇಲ್ಲವೇ? ಇದೆ. ಊರಿನ ಪಶ್ಚಿಮಕ್ಕೆ ಕರಿಸಾಲಿಯೊ ಎಂಬ ಚಿಕ್ಕ ಕೊಲ್ಲಿ ಇದೆ. ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು, ಎರಡೂ ಕಡೆ ಬಂಡೆಗಳು ಅಲೆಯನ್ನು ತಡೆಯುತ್ತವೆ. ಅದರ ಪಕ್ಕದ ಮಾನ್ಸಾನಿಯೊ ಮತ್ತು ಪುಯೆರ್ತೊ ಅಂಹೆಲಿತೊ ಇನ್ನೂ ಸಣ್ಣವು, ಮಕ್ಕಳು ಆಡುವ ಜಾಗಗಳು. ದೊಡ್ಡ ಅಲೆಗಳ ದಿನ ಇಲ್ಲಿಗೂ ತುಯ್ತ ಬರುತ್ತದೆ. ಇಳಿಯುವ ಮುನ್ನ ದಡದ ಅಂಗಡಿಯವರನ್ನು ಒಂದು ಮಾತು ಕೇಳಿ. ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆ ದೂರದ ಮಸುಂತೆ, ಸಾನ್ ಅಗುಸ್ತಿನಿಯೊ, ಸಿಪೊಲಿತೆ ಊರುಗಳೂ ನಿಮ್ಮ ಪಟ್ಟಿಗೆ ಬಂದೇ ಬರುತ್ತವೆ. ಇವುಗಳಲ್ಲಿ ಸಾನ್ ಅಗುಸ್ತಿನಿಯೊ ಮೇಲು. ಮಸುಂತೆ ಪಕ್ಕದ ಮೆರ್ಮೆಹಿತಾದಲ್ಲಿ ಸೂರ್ಯಾಸ್ತ ನೋಡಿ, ನೀರು ಮುಟ್ಟಬೇಡಿ. ಸಿಪೊಲಿತೆ ಎಂಬ ಹೆಸರಿಗೆ ‘ಸತ್ತವರ ದಡ’ ಎಂದು ಅರ್ಥ ಹೇಳುತ್ತಾರೆ. ಆ ಅರ್ಥ ಸರಿಯೋ ತಪ್ಪೋ, ಅಲ್ಲಿನ ಸೆಳೆತ ನಿಜ. ಅಂದಹಾಗೆ ಅದು ಬಟ್ಟೆ ಇಲ್ಲದೆ ಓಡಾಡಲು ಅನುಮತಿ ಇರುವ ದಡ. ಮುಜುಗರ ಅನ್ನಿಸುವುದಾದರೆ ಮೊದಲೇ ಗೊತ್ತಿರಲಿ.

ನಿಮ್ಮ ಮುಂದೆ ಮೂರು ದಾರಿ ಇವೆ. ಜುಲೈನಲ್ಲೇ ಹೋಗುವುದಾದರೆ ವಸತಿಯನ್ನು ಕರಿಸಾಲಿಯೊ ಮೇಲಿನ ರಿಂಕೊನಾದಾ ಬಡಾವಣೆಯಲ್ಲಿ ಹಿಡಿಯಿರಿ. ಹಾಸ್ಟೆಲ್‌ಗಳ ಗದ್ದಲವೆಲ್ಲ ಇರುವ, ಸಿಕಾತೆಲಾದ ತುದಿಯ ಲಾ ಪುಂತಾದಲ್ಲಿ ಬೇಡ. ಕಣ್ಣೆದುರಿಗೆ ಇರುವ ನೀರಿಗೇ ಜನ ಇಳಿಯುವುದು, ಹಾಗಾಗಿ ವಸತಿಯ ಆಯ್ಕೆಯೇ ಅರ್ಧ ರಕ್ಷಣೆ. ಆದರೆ ಜುಲೈ ಮಳೆಗಾಲವೂ ಹೌದು, ಚಂಡಮಾರುತದ ಕಾಲವೂ ಹೌದು. 2022ರ ಮೇ 30ರಂದು ‘ಅಗಾಥಾ’ ಈ ದಂಡೆಗೇ ಅಪ್ಪಳಿಸಿತು, 2025ರ ಜೂನ್‌ನಲ್ಲಿ ‘ಎರಿಕ್’ ಬಂತು. ದಿನ ಬದಲಿಸಬಹುದಾದ ಟಿಕೆಟ್ ಮತ್ತು ಪ್ರವಾಸ ವಿಮೆ ಇಲ್ಲದೆ ಹೊರಡಬೇಡಿ. ಎರಡನೆಯ ದಾರಿ, ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಹೋಗುವುದು. ಮಳೆ ಇಲ್ಲ, ದಕ್ಷಿಣದ ದೊಡ್ಡ ಅಲೆಗಳ ಕಾಲವೂ ಮುಗಿದಿರುತ್ತದೆ. ಕ್ರಿಸ್ಮಸ್ ಆಸುಪಾಸಿನಲ್ಲಿ ಬಾಡಿಗೆ ಏರುತ್ತದೆ, ಆ ಎರಡು ವಾರ ಬಿಡಿ. ಮೂರನೆಯದು, ಊರನ್ನೇ ಬದಲಿಸಿ ವತುಲ್ಕೊಗೆ ಹೋಗುವುದು. ಒಂಬತ್ತು ಕೊಲ್ಲಿಗಳು, ನೀರು ಹೆಚ್ಚು ಶಾಂತ. ಆದರೆ ಅದು ರೆಸಾರ್ಟ್‌ಗಳ ಊರು. ಖರ್ಚು ಜಾಸ್ತಿ, ನೀವು ಬಯಸುವ ಬ್ಯಾಕ್‌ಪ್ಯಾಕ್ ಬದುಕು ಅಲ್ಲಿ ಕಡಿಮೆ. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ನಿಮ್ಮ ವೀಸಾ ಕೆಲಸಕ್ಕೂ ಸಮಯ ಸಿಗುತ್ತದೆ, ಅಷ್ಟರಲ್ಲಿ ಡಲ್ಲಾಸ್‌ನಲ್ಲಿ ಎರಡು ತಿಂಗಳು ಈಜು ಕಲಿಯಬಹುದು. ಅಂಗಾತ ಐದು ನಿಮಿಷ ತೇಲಲು ಬಂದರೆ ಅದೇ ದೊಡ್ಡ ವಿದ್ಯೆ.

ಊಟದ ವಿಷಯದಲ್ಲಿ ನೀವು ಅಂದುಕೊಂಡಷ್ಟು ಕಷ್ಟವಿಲ್ಲ, ಆದರೆ ಕಷ್ಟ ಇರುವುದು ನೀವು ಅಂದುಕೊಂಡ ಕಡೆ ಅಲ್ಲ. ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ. ಕಾಣದೆ ಬರುವುದು ಮಾಂತೆಕಾ, ಅಂದರೆ ಹಂದಿ ಕೊಬ್ಬು. ರುಬ್ಬಿ ಹುರಿದ ಕಾಳಿನಲ್ಲಿ, ಎಲೆಯಲ್ಲಿ ಸುತ್ತಿ ಬೇಯಿಸುವ ತಮಾಲೆಯ ಹಿಟ್ಟಿನಲ್ಲಿ, ತೊರ್ತಿಯಾ ಎಂಬ ತೆಳು ರೊಟ್ಟಿಗಳಲ್ಲಿ ಮೈದಾದ ಕೆಲವದರಲ್ಲಿ ಅದು ಇರುತ್ತದೆ. ಕೆಂಪನ್ನ, ಸೂಪುಗಳು ಕೋಳಿಯ ಸಾರಿನಲ್ಲಿ ಬೆಂದಿರಬಹುದು, ಮೋಲೆ ಎಂಬ ಮೆಣಸಿನಕಾಯಿ ಸಾಸ್ ಕೂಡ. ಇನ್ನು ‘ಕಾರ್ನೆ ಇಲ್ಲದೆ ಕೊಡಿ’ ಅಂದರೆ ಸಾಲದು. ಅಲ್ಲಿನವರ ಬಾಯಲ್ಲಿ ಕಾರ್ನೆ ಎಂದರೆ ಮುಖ್ಯವಾಗಿ ದನ, ಹಂದಿ ಮಾಂಸ. ಪ್ರೀತಿಯಿಂದಲೇ ಕೋಳಿ ಹಾಕಿ ಕೊಡುತ್ತಾರೆ. ಇದನ್ನು ಬಾಯಿಪಾಠ ಮಾಡಿ: ‘ನೊ ಕೊಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ, ನಿ ಮಾರಿಸ್ಕೊಸ್, ನಿ ಹಮೊನ್.’ ದನ, ಹಂದಿ, ಕೋಳಿ, ಮೀನು, ಸಿಗಡಿ, ಹ್ಯಾಮ್ ಯಾವುದೂ ತಿನ್ನುವುದಿಲ್ಲ ಎಂದು ಅರ್ಥ. ಆಮೇಲೆ ‘ಸಿನ್ ಮಾಂತೆಕಾ, ಪೊರ್ ಫವೊರ್’, ಅಂದರೆ ಹಂದಿ ಕೊಬ್ಬಿಲ್ಲದೆ, ದಯವಿಟ್ಟು.

ವಹಾಕಾದ ಹೆಮ್ಮೆಯ ತಿಂಡಿ ತ್ಲಾಯುದಾ. ಊಟದ ತಟ್ಟೆಗಿಂತ ಅಗಲವಾದ ಮೆಕ್ಕೆಜೋಳದ ತೊರ್ತಿಯಾವನ್ನು ಕೆಂಡದ ಮೇಲೆ ಗರಿಗರಿ ಮಾಡಿ, ಕಪ್ಪು ಕಾಳಿನ ಲೇಪ, ನೂಲಿನಂತೆ ಬಿಡಿಸಿದ ಕೆಸಿಯೊ ಚೀಸ್, ಎಲೆಕೋಸು ಹಾಕಿ ಕೊಡುತ್ತಾರೆ. ಅದರ ಮೊದಲ ಪದರ ಅಸಿಯೆಂತೊ, ಅದೂ ಹಂದಿಯ ಕೊಬ್ಬೇ. ಹೆಂಚಿನ ಮೇಲೆ ಇಡುವ ಮೊದಲೇ ‘ಸಿನ್ ಅಸಿಯೆಂತೊ’ ಅನ್ನಿ, ಸವರಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಮೆಸ್ಕಾಲ್ ಎಂಬ ಮದ್ಯದ ಜೊತೆ ಕಿತ್ತಳೆ ಹೋಳಿನ ಮೇಲೆ ಉದುರಿಸುವ ಕೆಂಪು ಉಪ್ಪಿನಲ್ಲಿ ಹುಳುವಿನ ಪುಡಿ ಇರುತ್ತದೆ. ಗೊತ್ತಿರಲಿ. ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಇರಬಹುದೆಂದು ಬಿಡುವವರಾದರೆ ಅದನ್ನೂ ಬಿಡಬೇಕಾಗುತ್ತದೆ.

ನಿಮಗೆ ಒಗ್ಗುವುದು ಬಹಳ ಇದೆ. ಕಮಾಲ್ ಎಂಬ ಹೆಂಚಿನ ಮೇಲೆ ಬೇಯುವ ಜೋಳದ ತೊರ್ತಿಯಾದ ವಾಸನೆಗೆ ನಮ್ಮ ರೊಟ್ಟಿ ನೆನಪಾಗದೆ ಇರದು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ಬೀಸಿದ್ದು ಅದು. ಕುಂಬಳ ಹೂವು, ಚೀಸ್ ತುಂಬಿ ಮಡಿಸಿದ ಕೆಸದಿಯಾ, ಪಾಪಾಸುಕಳ್ಳಿಯ ನೊಪಾಲ್, ಮೊಟ್ಟೆ, ಬೆಣ್ಣೆಹಣ್ಣು, ಕಾಳಿನ ಸಾಸಿನಲ್ಲಿ ಅದ್ದಿದ ಎನ್‌ಫ್ರಿಹೊಲಾದಾಸ್ ಸಿಗುತ್ತವೆ. ಮಾರುಕಟ್ಟೆಯಲ್ಲಿ ಚಯೊತೆ ಎಂದು ಕಾಣುವುದು ನಮ್ಮ ಸೀಮೆಬದನೆಯೇ, ಅದರ ತವರೂರು ಅದು. ‘ಆಗ್ವಾ ದೆ ಹಮೈಕಾ’ ಎಂಬ ಕೆಂಪು ಪಾನಕ ನಮ್ಮ ಪುಂಡಿಯ ಜಾತಿಯ ಗಿಡದ ಹೂವಿನ ಬುಡದ ಕೆಂಪು ಪುಷ್ಪಪತ್ರದ್ದು. ಬೆನಿತೊ ಹುವಾರೆಸ್ ಮಾರುಕಟ್ಟೆಯೊಳಗಿನ ಊಟದ ಅಂಗಡಿಗಳಲ್ಲಿ ಮಧ್ಯಾಹ್ನ ಒಂದೂವರೆಗೆ ಕುಳಿತರೆ ಬಿಸಿಯಾಗಿ, ಅಗ್ಗವಾಗಿ ಸಿಗುತ್ತದೆ.

‘ಪಾನಿಪುರಿ ತಿಂದು ಬೆಳೆದವರು, ನಮಗೇನಾಗುತ್ತೆ’ ಎನ್ನುವ ಮಾತನ್ನು ನಂಬಬೇಡಿ. ಪ್ರವಾಸಿಗರ ಭೇದಿಗೆ ಮುಖ್ಯ ಕಾರಣ ಈ-ಕೊಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು. ಊರಲ್ಲಿ ಗಳಿಸಿದ ತಡೆಶಕ್ತಿ ನಾಲ್ಕು ವರ್ಷದ ಅಮೆರಿಕ ವಾಸದಲ್ಲಿ ಕರಗಿರುತ್ತದೆ. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಬೇಡ. ಹಾಸ್ಟೆಲ್‌ಗಳಲ್ಲಿ ಗರ್ರಾಫೊನ್ ಎಂಬ 20 ಲೀಟರಿನ ಕ್ಯಾನ್ ಇರುತ್ತದೆ, ಬಾಟಲಿ ಅಲ್ಲೇ ತುಂಬಿಸಿಕೊಳ್ಳಿ. ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯದು, ಸಾಮಾನ್ಯವಾಗಿ ಪರವಾಗಿಲ್ಲ. ಬೀದಿಯಂಗಡಿಯಲ್ಲಿ ತಿನಿಸಿಗಿಂತ ಹೆಚ್ಚು ತೊಂದರೆ ಕೊಡುವುದು ಬಿಸಿಲಲ್ಲಿ ಬೆಳಗಿನಿಂದ ತೆರೆದಿಟ್ಟ ಸಾಲ್ಸಾ ಎಂಬ ಚಟ್ನಿಯ ಬಟ್ಟಲು. ನಿಂಬೆಹಣ್ಣು ಹಿಂಡಿದರೆ ಕ್ರಿಮಿ ಸಾಯುವುದಿಲ್ಲ. ಭೇದಿ ಶುರುವಾದರೆ ಮೊದಲ ಔಷಧಿ ಒಆರ್‌ಎಸ್. ಊರಿನ ದೊಡ್ಡ ಪೊಟ್ಟಣವಾದರೆ ಒಂದಕ್ಕೆ ಒಂದು ಲೀಟರ್ ನೀರು. ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜ್ವರ ಅಥವಾ ರಕ್ತ ಕಂಡರೆ ಭೇದಿ ನಿಲ್ಲಿಸುವ ಮಾತ್ರೆ ನುಂಗದೆ ವೈದ್ಯರ ಬಳಿ ಹೋಗಿ. ಎಷ್ಟೋ ಔಷಧಿ ಅಂಗಡಿಗಳ ಪಕ್ಕದಲ್ಲೇ ಕಡಿಮೆ ಶುಲ್ಕದ ವೈದ್ಯರು ಕೂರುತ್ತಾರೆ. ಆಂಟಿಬಯಾಟಿಕ್‌ಗೆ ಚೀಟಿ ಬೇಕು. ಡೆಂಗಿ ಅಲ್ಲೂ ಇದೆ, ಸೊಳ್ಳೆ ಮುಲಾಮು ಬೆಳಗ್ಗೆಯೂ ಹಚ್ಚಿಕೊಳ್ಳಿ.

ಓಡಾಟ ಈಗ ಸುಲಭ. ವಹಾಕಾ ನಗರದಿಂದ ಕಡಲಿಗೆ ಬೆಟ್ಟದ ತಿರುವುಗಳಲ್ಲಿ ಆರೇಳು ಗಂಟೆ ವಾಂತಿ ಮಾಡಿಕೊಂಡು ಬರುವ ಕಾಲ ಮುಗಿದಿದೆ. 2024ರ ಫೆಬ್ರವರಿಯಲ್ಲಿ ತೆರೆದ ಬರ್ರಾಂಕಾ ಲಾರ್ಗಾ–ವೆಂತಾನಿಯಾ ಹೆದ್ದಾರಿಯಲ್ಲಿ ವ್ಯಾನುಗಳು ಸುಮಾರು ಮೂರು ಗಂಟೆಗೆ ತಲುಪಿಸುತ್ತವೆ. ಮಳೆಗಾಲದಲ್ಲಿ ಗುಡ್ಡ ಜರಿಯುವುದುಂಟು, ಹಗಲಿನ ವ್ಯಾನ್ ಹಿಡಿಯಿರಿ. ಮಸುಂತೆಗೆ ಹೋಗಲು ಪೊಚುತ್ಲಾ ಕಡೆಯ ಬಸ್ ಹತ್ತಿ, ಸಾನ್ ಅಂತೊನಿಯೊ ಕ್ರಾಸ್‌ನಲ್ಲಿ ಇಳಿದು, ಅಲ್ಲಿಂದ ಶೇರ್ ಟ್ಯಾಕ್ಸಿ ಅಥವಾ ಹಿಂದೆ ಬೆಂಚು ಹಾಕಿದ ಪಿಕಪ್ ಹಿಡಿಯಿರಿ. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಬಾಗಿಲು ತೆಗೆಯುವ ಮುಂಚೆ ‘ಕ್ವಾಂತೊ?’ ಎಂದು ದರ ಕೇಳಿ.

ಮೆನುವಿನಲ್ಲಿ ಡಾಲರ್ ಚಿಹ್ನೆ ಕಂಡು ಗಾಬರಿಯಾಗಬೇಡಿ, ಪೆಸೊಗೂ ಅದೇ ಚಿಹ್ನೆ. ಎಟಿಎಂ ‘ನಿಮ್ಮ ಹಣವನ್ನು ನಾವೇ ಡಾಲರಿಗೆ ಪರಿವರ್ತಿಸಿ ಕೊಡಲೇ’ ಎಂದು ಕೇಳುತ್ತದೆ, ಬೇಡ ಎಂದು ಒತ್ತಿ. ಒತ್ತಿದರೂ ಹಣ ಬರುತ್ತದೆ, ನಿಮ್ಮ ಬ್ಯಾಂಕಿನ ದರದಲ್ಲಿ. ಹೂಂ ಅಂದರೆ ಅವರ ದರ, ಅದು ದುಬಾರಿ. ಸಣ್ಣ ಊರುಗಳಲ್ಲಿ ಯಂತ್ರ ಖಾಲಿಯಾಗಿರುವುದೂ ಉಂಟು, ಮಸುಂತೆಗೆ ಹೊರಡುವ ಮುನ್ನವೇ ನಗದು ತೆಗೆದಿಟ್ಟುಕೊಳ್ಳಿ. ಚೀಲ 40 ಲೀಟರಿನದು ಸಾಕು. ಹಾಸ್ಟೆಲ್ ಲಾಕರಿಗೆ ಸ್ವಂತ ಬೀಗ, ಕಿವಿಗೆ ಹತ್ತಿ, ತಲೆಗೆ ಕಟ್ಟುವ ಟಾರ್ಚ್ ಮರೆಯಬೇಡಿ. ಬೆಳಗ್ಗೆ ಶೂ ಹಾಕುವ ಮುನ್ನ ಕೊಡವಿ, ಚೇಳು ಇರುತ್ತವೆ. ಭೂಕಂಪದ ನಾಡು ಅದು. ದಡದಲ್ಲಿರುವಾಗ ನಿಲ್ಲಲಾರದಷ್ಟು ನೆಲ ನಡುಗಿದರೆ ಸುನಾಮಿ ಎಚ್ಚರಿಕೆಗೆ ಕಾಯದೆ ಎತ್ತರಕ್ಕೆ ಹತ್ತಿ.

ಚಟ್ನಿಪುಡಿ: ಹುರಿದು ಪುಡಿ ಮಾಡಿದ್ದರಿಂದ ಸಾಮಾನ್ಯವಾಗಿ ತೊಂದರೆಯಾಗದು. ಅಂಗಡಿಯ ಸೀಲ್ ಇರುವ ಪೊಟ್ಟಣವಾದರೆ ಒಳ್ಳೆಯದು. ಮನೆಯದಾದರೆ ಕಸ್ಟಮ್ಸ್ ಫಾರಂನಲ್ಲಿ ಬರೆದು ತೋರಿಸಿ. ಅಧಿಕಾರಿಗಳು ತೆಗೆದಿಟ್ಟುಕೊಂಡರೆ ಪುಡಿಯೊಂದೇ ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಹಸಿ ಕರಿಬೇವು, ಬಿತ್ತನೆಯ ಬೀಜ, ಇಡೀ ಕಾಳು ಒಯ್ಯಬೇಡಿ. ಬಿಸಿ ತೊರ್ತಿಯಾದ ಮೇಲೆ ಬೆಣ್ಣೆಹಣ್ಣು ಹಿಚುಕಿ, ಮೇಲೆ ಶೇಂಗಾ ಪುಡಿ ಉದುರಿಸಿ ಸುತ್ತಿದರೆ ಬಸ್ಸಿನ ದಾರಿಗೆ ಬುತ್ತಿಯಾಗುತ್ತದೆ.